ಬಾಗಿಲಾಚೆಯ ಪ್ರಾಣಿ

ನಮ್ಮ ಮನೆಯಲ್ಲಿ ನನ್ನ ವಿರುದ್ಧ ಒಂದು ಪಿತೂರಿ ನಡೆಯುತ್ತಿತ್ತು. ಎಲ್ಲರೂ ಪಿಸುಮಾತಾಡುತ್ತಿದ್ದರು. ಮೊದಲು ಮನೆಯೊಳಗೆ ಮಾತ್ರ ಇದ್ದದ್ದು ಆಮೇಲೆ ಬೀದಿಗೂ ಹಬ್ಬಿತು. ಬಸ್ಸಿನ ಕಂಡಕ್ಟರ್ ಪಿಸುಗುಟ್ಟುತ್ತಿದ್ದ, ಬ್ಯಾಂಕಿನ ಕಿಟಕಿಯವಳು ಪಿಸುಗುಟ್ಟುತ್ತಿದ್ದಳು, ಟೀವಿಯಲ್ಲಿ ಸುದ್ದಿ ಓದುವವನಂತೂ ಅದು ಯಾರಿಗೂ ತಿಳಿಯಬಾರದ ಗುಟ್ಟು ಎನ್ನುವಂತೆ ಓದುತ್ತಿದ್ದ. ಗಟ್ಟಿಯಾಗಿ ಮಾತಾಡುವ ಏಕೈಕ ಜೀವಿ ಎಂದರೆ ನನ್ನ ಹೆಂಡತಿ. ಅವಳು ಶಾಲೆಯಲ್ಲಿ ಡ್ರಿಲ್ ಟೀಚರ್. (ಮೈದಾನದಲ್ಲಿ ಅವಳು "ಎಡಕ್ಕೆ ತಿರುಗು" ಎಂದು ಕೂಗಿದರೆ ಆಚೆ ರಸ್ತೆಯಲ್ಲಿ ಹೋಗುವ ಸೈಕಲ್ಲುಗಳೂ ಎಡಕ್ಕೆ ತಿರುಗುತ್ತವೆ.)

"ರೀ, ಪ್ರಪಂಚ ಪಿಸುಗುಡ್ತಿಲ್ಲ. ನಿಮ್ಮ ಕಿವಿ ಮಂದ ಆಗಿದೆ. ಡಾಕ್ಟರಿಗೆ ತೋರಿಸಿ."

"ಈಗ ನೀನು ಹೇಳಿದ್ದು ಕೇಳಿಸ್ತಲ್ಲ? ಮಂದ ಆಗಿದ್ರೆ ಹೇಗೆ ಕೇಳಿಸ್ತಿತ್ತು?"

"ನಾನು ಹೇಳಿದ್ದು ಹಿಂದಿನ ಬೀದಿಗೂ ಕೇಳಿಸಿದೆ!"

ಇಂಥ ಹೆಂಗಸಿನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ನನ್ನ ಕಿವಿಯಿಂದಲೇ ನನ್ನ ಹೊಟ್ಟೆಪಾಡು ಎಂಬುದು ಅವಳಿಗೆ ಮರೆತುಹೋಗಿತ್ತು. ನನ್ನದು ಚಪ್ಪಲಿ, ಬೂಟು ರಿಪೇರಿ ಅಂಗಡಿ. "ಕಿರುಗುಟ್ಟುವ ಪಾದರಕ್ಷೆಗಳನ್ನು ಮೌನಗೊಳಿಸಲಾಗುವುದು" ಎಂದು ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆಸಿದ್ದೇನೆ. ಅಟ್ಟೆ ಬಿಚ್ಚಿ, ನಡುವೆ ಪೌಡರ್ ಸುರಿದು, ಮತ್ತೆ ಹೊಲಿದುಕೊಟ್ಟರೆ ಆಯಿತು, ಬೂಟು ಬಾಯಿ ಮುಚ್ಚಿಕೊಂಡು ನಡೆಯುತ್ತದೆ. ಇತ್ತೀಚೆಗೆ ಮಾತ್ರ ಗಿರಾಕಿಗಳು ವಾಪಸ್ ಬಂದು "ಇನ್ನೂ ಸದ್ದು ಬರ್ತಿದೆ" ಎಂದು ತಕರಾರು ತೆಗೆಯುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದೆ. ಏನೂ ಇಲ್ಲ! ಜನಕ್ಕೆ ಬರೀ ಅನುಮಾನ ಎಂದುಕೊಂಡು ಕಳಿಸಿಬಿಡುತ್ತಿದ್ದೆ.

ಇದೆಲ್ಲ ಹಾಗಿರಲಿ. ನನ್ನ ನಿಜವಾದ ಸಂಕಟ ಭಾನುವಾರದ ಮಧ್ಯಾಹ್ನದ್ದು.

ನಮ್ಮ ಮಗಳು ಮನೆಯಲ್ಲೇ ಕೂತು ಪುಸ್ತಕಗಳಿಗೆ ನಕ್ಷೆ ಬರೆದುಕೊಡುತ್ತಾಳೆ. ಹುಟ್ಟಿದಾಗಿನಿಂದ ಅವಳ ಕಾಲಿಗೆ ಬಲವಿಲ್ಲ, ವೀಲ್‌ಚೇರಿನಲ್ಲೇ ಓಡಾಟ. ಅವಳಿಗೆ ಒಂಬತ್ತು ವರ್ಷವಾದಾಗ ಅವಳ ಕೋಣೆಯ ಹೊಸ್ತಿಲು ಚಕ್ರಕ್ಕೆ ಅಡ್ಡ ಬರುತ್ತದೆ ಎಂದು ನಾನೇ ಉಳಿ ಹಿಡಿದು ಕಿತ್ತುಹಾಕಿದೆ. ಆಗೆಲ್ಲ ಭಾನುವಾರ ಬಂತೆಂದರೆ ನಾವಿಬ್ಬರೂ ನೆಲದ ಮೇಲೆ ಹಾವು ಏಣಿ ಆಡುತ್ತಿದ್ದೆವು. ನಾನು ಅತ್ತ ತಿರುಗಿದಾಗ ಅವಳು ನನ್ನ ಕಾಯಿಯನ್ನು ಹಾವಿನ ಬಾಯಿಗೆ ತಳ್ಳುತ್ತಿದ್ದಳು. ಅದಕ್ಕೆಂದೇ ನಾನು ಆಗಾಗ ಅತ್ತ ತಿರುಗುತ್ತಿದ್ದೆ.

ಎರಡು ವರ್ಷದ ಹಿಂದೆ ಅವಳು ಗೆಳೆಯರನ್ನು ಸೇರಿಸಿಕೊಂಡು ಹೊಸ ಆಟ ಶುರುಮಾಡಿದಳು. ಇದರಲ್ಲಿ ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಕಾಗದದ ಮೇಲೆ ಒಬ್ಬೊಬ್ಬ ವೀರರನ್ನು ಹುಟ್ಟಿಸಿಕೊಂಡು ಆ ಕಥೆಯೊಳಕ್ಕೆ ಇಳಿಯುತ್ತಾರೆ. ಕತ್ತಿಯೇಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಥೆ ಹೇಳುವವಳು ನಮ್ಮ ಮಗಳು. ಮೊದಲ ವಾರ "ಅಪ್ಪಾ, ನೀನೂ ಬಾ" ಎಂದು ಕರೆದಳು. ಎರಡನೇ ಸಲ ಕರೆಯಲಿ ಎಂಬ ಬಿಂಕದಲ್ಲಿ ನಾನು "ಮಕ್ಕಳಾಟ ನನಗ್ಯಾಕಮ್ಮ" ಎಂದೆ. ಎರಡನೇ ಸಲ ಕರೆಯಲೇ ಇಲ್ಲ.

ಅಂದಿನಿಂದ ಪ್ರತಿ ಭಾನುವಾರ ಕದ್ದು ಬಂದು ಆ ಮುಚ್ಚಿದ ಬಾಗಿಲ ಹೊರಗೆ ನಿಲ್ಲುವುದು ನನ್ನ ಕೆಲಸವಾಯಿತು. ಒಳಗೆ ನಗು ಏಳುತ್ತಿತ್ತು, ಅದು ಮಾತ್ರ ಕೇಳುತ್ತಿತ್ತು. ಯಾಕೆ ನಕ್ಕರು ಎಂಬುದು ತಿಳಿಯುತ್ತಿರಲಿಲ್ಲ. (ಪಿಸುಮಾತು!) ಹೊಸ್ತಿಲು ಕಿತ್ತವನೇ ಆ ಕೋಣೆಗೆ ಕಾಲಿಡಲಾರದೆ ನಿಂತಿದ್ದೆ. ಒಂದೇ ಒಂದು ಸಲ ಯಾರಾದರೂ ಕರೆದರೆ ಸಾಕು ಎಂದು ಜೀವ ಹಂಬಲಿಸುತ್ತಿತ್ತು. ಸ್ವಲ್ಪ ಹೊತ್ತು ನಿಂತು ಹಿಂತಿರುಗುತ್ತಿದ್ದೆ.

ಸೋಮವಾರ ಅವಳ ಮೇಜಿನ ಮೇಲೆ ಬಿದ್ದಿರುತ್ತಿದ್ದ ಕಾಗದಗಳನ್ನು ಓದಿ, ಉಳಿದದ್ದನ್ನು ಹೆಂಡತಿಯ ಬಾಯಿಂದ ಬಿಡಿಸಿ, ಒಳಗಿನ ಸಮಾಚಾರ ಸಂಗ್ರಹಿಸಿದೆ. ಬರುವವರು ಇಬ್ಬರು. ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಹುಡುಗಿಗೆ ಕಣ್ಣು ಕಾಣುವುದಿಲ್ಲ. ಅವಳ ದಾಳದಲ್ಲಿ ಅಂಕಿಗಳು ಉಬ್ಬಿವೆ, ಬೆರಳಾಡಿಸಿ ಓದುತ್ತಾಳೆ. ಆಟದಲ್ಲಿ ಅವಳೊಬ್ಬ ಕುರುಡು ಕಳ್ಳಿ. ಗುಹೆಯಲ್ಲಿ ಉಳಿದವರು ಪಂಜು ಹುಡುಕುವಷ್ಟರಲ್ಲಿ ಅವಳು ನಿಧಿಯ ಹತ್ತಿರ ಇರುತ್ತಾಳೆ. ಇನ್ನೊಬ್ಬ ಬೇಕರಿಯವನು, ಆರಡಿ ಆಳು. ಆಟದಲ್ಲಿ ಅವನು ಮಂಡಿನೋವಿನ ಅಜ್ಜಿ, ಮಾಟಗಾತಿ. ಆ ಅಜ್ಜಿಯ ಮಂಡಿಗಾಗಿ ನಮ್ಮ ಮಗಳು ರಾಕ್ಷಸನ ಕೋಟೆಗೂ ಇಳಿಜಾರು ಹಾದಿ ಹಾಕಿಸಿದ್ದಾಳೆ. ಯಾವ ಕಚೇರಿಗೆ ಹೋದರೂ ಎಂಟು ಮೆಟ್ಟಿಲ ಕೆಳಗೆ ಅವಳನ್ನು ಕೂರಿಸಿ ನಾನೊಬ್ಬನೇ ಹತ್ತಿ ಹೋದವನು. ಮನುಷ್ಯರನ್ನು ತಿನ್ನುವ ರಾಕ್ಷಸನಿಗೆ ಇರುವ ಬುದ್ಧಿ ನೋಡಿ ನನಗೆ ಗೌರವ ಬಂತು.

ಆಗಲೇ ನನಗೊಂದು ದಿವ್ಯ ಉಪಾಯ ಹೊಳೆದದ್ದು. ನಾನೇ ಒಬ್ಬ ವೀರನನ್ನು ಸೃಷ್ಟಿಸಿ ಅವಳ ಮುಂದಿಟ್ಟರೆ? ಅಂಗಡಿಯಲ್ಲಿ ಮೂರು ದಿನ ಕೂತು ಬರೆದೆ. ನನ್ನ ವೀರನದು ಬಂಗಾರದ ವೀಲ್‌ಚೇರು, ಅದು ಆಕಾಶದಲ್ಲಿ ಹಾರುತ್ತದೆ. ಅವನಿಗೆ ಸಿಟ್ಟಿಲ್ಲ, ಹಸಿವಿಲ್ಲ, ಬಾಯಲ್ಲಿ ಸದಾ ನೀತಿಯ ಮಾತು. ಕೊನೆಗೆ ದೇವತೆಗಳು ಹೂಮಳೆ ಸುರಿಸುತ್ತಾರೆ, ಅವನು ಎದ್ದು ನಿಲ್ಲುತ್ತಾನೆ. ಬರೆದು ಮುಗಿಸಿದಾಗ ನನಗೇ ಕಣ್ಣು ತುಂಬಿ ಬಂತು.

ಮಗಳು ಪೂರ್ತಿ ಓದಿದಳು. ನಂತರ ನಾನು ಅವಳ ತುಟಿಯನ್ನೇ ನೋಡುವಂತೆ ಮುಖ ಎತ್ತಿ, ನಿಧಾನವಾಗಿ ಕೇಳಿದಳು. "ಅಪ್ಪಾ, ಇವನ ಚಕ್ರ ಯಾವತ್ತಾದ್ರೂ ಪಂಕ್ಚರ್ ಆಗುತ್ತಾ?"

"ಛೇ, ಬಂಗಾರದ್ದು ಕಣಮ್ಮ!"

"ಯಾರಾದ್ರೂ ಕೇಳದೇ ಹಿಂದಿನಿಂದ ತಳ್ಳಿದ್ರೆ ರೇಗ್ತಾನಾ?"

"ಅವನು ರೇಗೋದೇ ಇಲ್ಲ."

"ನಾನು ರೇಗ್ತೀನಿ. ಕೊನೇಲಿ ಇವನು ಎದ್ದು ನಿಂತ್ಬಿಟ್ರೆ ನಾನೇನು ಮಾಡ್ಲಿ, ಹೇಳು? ನನಗೆ ಕೂತೇ ಗೆಲ್ಲೋನು ಬೇಕು. ಜಗಳ ಆಡೋನು, ಆಗಾಗ ತಪ್ಪು ಮಾಡೋನು." ಅವಳು ಕಾಗದ ಮಡಚಿ ನನ್ನ ಕೈಗಿಟ್ಟಳು. "ನನ್ನಂಥೋರನ್ನ ಬರೀಬೇಡ ಅಂತ ಅಲ್ಲ. ನನ್ನನ್ನ ಕೇಳಿ ಬರಿ. ಇಲ್ಲಾಂದ್ರೆ ನಿನ್ನದೇ ಏನಾದ್ರೂ ತಗೊಂಡು ಭಾನುವಾರ ಬಾ."

ಬೈಗುಳವೆಲ್ಲ ನನ್ನ ತಲೆಯಿಂದ ಜಾರಿಹೋಯಿತು. ಭಾನುವಾರ ಬಾ! ನನ್ನದೇ ಏನಿದೆ ಎಂದು ಯೋಚಿಸಿ ಯೋಚಿಸಿ, ಕೊನೆಗೆ ನನ್ನ ಕಸುಬಿನ ಹೆಮ್ಮೆಯನ್ನೇ ಹಿಡಿದುಕೊಂಡೆ. ಇರುವೆ ಹೆಜ್ಜೆ ಇಟ್ಟರೂ ಕೇಳಿಸಿಕೊಳ್ಳುವ ಮಹಾ ಬೇಟೆಗಾರ, ಸೂಕ್ಷ್ಮಕರ್ಣ!

ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಆ ಕೋಣೆಯೊಳಗೆ ಕೂತೆ. ನನ್ನ ವೀರನ ಗುಣಗಾನ ಓದಿದಾಗ ಬೇಕರಿಯವನು ಬಿಸ್ಕತ್ತು ಅರ್ಧ ಕಚ್ಚಿ ಹಾಗೇ ನಿಲ್ಲಿಸಿದ. ಆಪರೇಟರ್ ಹುಡುಗಿ ಕೆಮ್ಮಿದಳು. ಬಾಗಿಲಲ್ಲಿ ನಿಂತ ನನ್ನ ಹೆಂಡತಿ ಗೋಡೆಯ ಕಡೆ ತಿರುಗಿದಳು.

ಆಟ ಶುರುವಾಯಿತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ನನಗೆ ಒಂದಕ್ಷರ ಗೊತ್ತಾಗಲಿಲ್ಲ. ಎರಡು ವರ್ಷ ಕಾದು ಸಿಕ್ಕ ಜಾಗ, "ಏನಂದ್ರಿ?" ಎಂದು ಕೇಳಿ ಕಳೆದುಕೊಳ್ಳುವುದೇ? ಯಾರು ನನ್ನ ಕಡೆ ನೋಡಿದರೂ "ಹೌದು ಹೌದು, ಆಗಲಿ" ಎಂದು ತಲೆಯಾಡಿಸಿದೆ. ಹೀಗೆ ನಾನು ಒಪ್ಪಿಗೆ ಕೊಟ್ಟ ವಿಷಯಗಳು ಆಮೇಲೆ ತಿಳಿದವು. ಸೂಕ್ಷ್ಮಕರ್ಣ ತನ್ನ ಬಿಲ್ಲನ್ನು ಶತ್ರುವಿಗೆ ಉಡುಗೊರೆ ಕೊಟ್ಟ. ರಾಕ್ಷಸನ ಮನೆಯಲ್ಲಿ ಊಟಕ್ಕೆ ಒಪ್ಪಿಕೊಂಡ. ಊಟ ತಾನೇ ಆಗುವುದಕ್ಕೂ ಒಪ್ಪಿಕೊಂಡ. ಅರ್ಧ ಗಂಟೆಯಲ್ಲಿ ಅವನು ರಾಕ್ಷಸನ ಹಂಡೆಯಲ್ಲಿ ಕುತ್ತಿಗೆಮಟ್ಟ ಕೂತಿದ್ದ, ಇನ್ನೂ "ಹೌದು ಹೌದು" ಎನ್ನುತ್ತ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಒಂದು ಕ್ಷಣದ ಮೇಲೆ ನನಗೆ ತಡೆಯಲಾಗಲಿಲ್ಲ.

"ಯಾಕೆ ನೀವೆಲ್ಲ ಪಿಸುಮಾತಾಡ್ತೀರಿ? ನನಗೂ ಹೇಳಬಾರದಾ?"

ನಗು ನಿಂತಿತು. ಮಗಳು ಚಕ್ರ ಹೊರಳಿಸಿಕೊಂಡು ನನ್ನ ಎದುರಿಗೇ ಬಂದಳು. ತೊಡೆಯ ಮೇಲೆ ಅವಳ ಕಥೆಯ ನೋಟ್‌ಬುಕ್ಕು. "ಅಪ್ಪಾ, ಇದನ್ನ ಓದು."

ಎರಡು ವರ್ಷದ ಹಿಂದಿನ ಪುಟ. "ಬಾಗಿಲಾಚೆ ಒಂದು ಪ್ರಾಣಿ ಬಂದು ನಿಂತಿದೆ. ಕಿರ್ ಕಿರ್ ಎನ್ನುತ್ತದೆ. ಇಪ್ಪತ್ತು ಬಿದ್ದರೆ ಒಳಗೆ ಕರೆಯಬೇಕು. ಬಿದ್ದದ್ದು ಏಳು." ಮುಂದಿನ ವಾರ: "ಪ್ರಾಣಿ ಬಂತು. ಹನ್ನೊಂದು." ಅದರ ಮುಂದಿನ ವಾರ: "ನಾಲ್ಕು." ಪ್ರತಿ ಭಾನುವಾರದ ಪುಟದ ತುದಿಯಲ್ಲೂ ಅದೇ ಪ್ರಾಣಿ.

"ಕಿರ್ ಕಿರ್ ಅಂದ್ರೆ?"

"ನಿನ್ನ ಚಪ್ಪಲಿ."

ನಾನು ಕಾಲು ನೋಡಿಕೊಂಡೆ. ಊರಿನ ಪಾದರಕ್ಷೆಗಳನ್ನೆಲ್ಲ ಮೌನಗೊಳಿಸುವವನ ಚಪ್ಪಲಿ! "ನಾನು ಹೊರಗೆ ನಿಲ್ತಿದ್ದದ್ದು ನಿಮಗೆಲ್ಲ ಗೊತ್ತಿತ್ತಾ?"

"ಅಂಕಲ್," ಆಪರೇಟರ್ ಹುಡುಗಿ ಒಂದೊಂದೇ ಪದ ಬಿಡಿಸಿ ಹೇಳಿದಳು, "ನೀವು ಅಡುಗೆಮನೆ ದಾಟೋವಾಗಲೇ ಗೊತ್ತಾಗ್ತಿತ್ತು."

"ಎರಡು ವರ್ಷದಲ್ಲಿ ಇಪ್ಪತ್ತು ಒಂದ್ಸಲನೂ ಬೀಳಲಿಲ್ವಾ?"

ಮಗಳು ಪುಟ ತಿರುವಿ ಬೆರಳಿಟ್ಟು ತೋರಿಸಿದಳು. "ಮೂರು ಸಲ ಬಿತ್ತು. ಮೂರು ಸಲಾನೂ ಬಾಗಿಲು ತೆಗೆದೆ. ನೀನು ಆಗಲೇ ಹಿಂತಿರುಗಿ ಹೋಗ್ತಿದ್ದೆ. 'ಅಪ್ಪಾ, ಬಾ' ಅಂತ ಕರೆದೆ. ನೀನು ತಿರುಗಿ ಕೂಡ ನೋಡಲಿಲ್ಲ. ನಿನಗೆ ನನ್ನ ಜೊತೆ ಆಡೋಕೆ ಇಷ್ಟ ಇಲ್ಲ ಅಂದ್ಕೊಂಡು ಬಾಗಿಲು ಹಾಕಿದೆ. ಕಿವಿ ಇಷ್ಟು ಮಂದ ಆಗಿದೆ ಅಂತ ಅಮ್ಮ ಹೋದ ವಾರ ಬಿಡಿಸಿ ಹೇಳಿದ ಮೇಲೇ ಗೊತ್ತಾಯ್ತು."

ಯಾವ ಒಂದು ಮಾತಿಗಾಗಿ ಆ ಬಾಗಿಲಲ್ಲಿ ನೂರು ಭಾನುವಾರ ನಿಂತಿದ್ದೆನೋ ಅದನ್ನು ನನ್ನ ಬೆನ್ನಿಗೆ ಮೂರು ಸಲ ಹೇಳಿದ್ದರು. ಬಿಂಕ ನನ್ನದು, ಕಿವಿ ನನ್ನದು, ದೂರು ಮಾತ್ರ ಪ್ರಪಂಚದ ಮೇಲೆ.

"ನಾಳೆ ಬೆಳಿಗ್ಗೆ ಹತ್ತಕ್ಕೆ ಕಿವಿ ಡಾಕ್ಟರು!" ಎಂದು ಹೆಂಡತಿ ಬಾಗಿಲಿಂದ ಆಜ್ಞೆ ಹೊರಡಿಸಿದಳು. ನಾನು "ಹೌದು ಹೌದು, ಆಗಲಿ" ಎಂದೆ. ಈ ಸಲ ಕೇಳಿಸಿಕೊಂಡೇ ಹೇಳಿದ್ದು.

ಈಗ ಎರಡೂ ಕಿವಿಯಲ್ಲಿ ಮೆಷಿನ್ ಇದೆ. (ಹೆಂಡತಿಯ ದನಿ ಅದರಲ್ಲಿ ಕೇಳಿದ ಮೊದಲ ದಿನ ಕುರ್ಚಿಯಿಂದ ಬಿದ್ದೆ.) ಸೂಕ್ಷ್ಮಕರ್ಣನನ್ನು ಹಂಡೆಯಿಂದ ಎತ್ತಿದ್ದಾರೆ. ಅವನ ಕಿವಿಯಲ್ಲೂ ಒಂದು ಯಂತ್ರವಿದೆ. ಯುದ್ಧದ ನಡುವೆ ಅದರ ಬ್ಯಾಟರಿ ಮುಗಿಯುತ್ತದೆ, ಅವನು ಸಿಟ್ಟಾಗುತ್ತಾನೆ, ಯಾರ ಮೇಲೋ ರೇಗುತ್ತಾನೆ. ಮಗಳಿಗೆ ಅವನು ತುಂಬ ಇಷ್ಟ.

ಮೆಷಿನ್ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ನನ್ನ ಚಪ್ಪಲಿಯ ಅಟ್ಟೆ ಬಿಚ್ಚಿ ಪೌಡರ್ ತುಂಬಿದ್ದು. ಆ ಭಾನುವಾರ ಸದ್ದಿಲ್ಲದೆ ಬಂದು, ಅಭ್ಯಾಸಬಲದಿಂದ ಬಾಗಿಲ ಹೊರಗೇ ನಿಂತೆ. ಒಳಗಿನ ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ನಗು ಇರಲಿಲ್ಲ. "ಅಪ್ಪ ಇವತ್ತು ಬರಲ್ವೇನೋ, ಸದ್ದೇ ಇಲ್ಲ" ಎನ್ನುತ್ತಿದ್ದಳು ಮಗಳು, ಆ ಮಾತು ಸಣ್ಣಗಿತ್ತು.

ಅಂಗಡಿಗೆ ಓಡಿ ನನ್ನ ಚಪ್ಪಲಿಯ ಪೌಡರನ್ನೆಲ್ಲ ಕೊಡವಿ ತೆಗೆದು, ಕಿರ್ ಕಿರ್ ಎನ್ನುತ್ತ ಹಿಂತಿರುಗಿ ಒಳಗೆ ಹೋದೆ. ಈಗ ನನ್ನ ಗಿರಾಕಿಗಳ ಚಪ್ಪಲಿಗಳೆಲ್ಲ ಮೌನವಾಗಿವೆ. ಬೋರ್ಡಿನ ಕೆಳಗೆ ನಾನೊಬ್ಬ ಕಿರ್ ಕಿರ್ ಎಂದು ಓಡಾಡುತ್ತೇನೆ. ಜನ ಮುಸಿಮುಸಿ ನಗುತ್ತಾರೆ, ಅದೂ ನನಗೆ ಚೆನ್ನಾಗಿ ಕೇಳಿಸುತ್ತದೆ.