ಇನ್ನೊಬ್ಬರ ಪಗಾರದ ಮೇಲೆ ನನ್ನ ಅರ್ಜಿ

ತೆಲಂಗಾಣದ ನಾರಾಯಣಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಊರವರ ಅರ್ಜಿಗಳನ್ನು ಬರೆದುಕೊಡುವವನೂ ನಾನೇ. ಹೀಗಾಗಿ ನನಗೆ ಕಾನೂನು ಗೊತ್ತು ಎಂದು ಬಲವಾಗಿ ನಂಬಿದವರಿದ್ದರು. ಒಬ್ಬರೇ. ನಾನು!

ಮೊದಲ ಹೆಂಡತಿ ಸುಜಾತಾ ಮತ್ತು ನಾನು ಬೇರೆಯಾಗಿ ಆರು ವರ್ಷವಾಗಿತ್ತು. ಮಗಳು ಪಲ್ಲವಿ ತಾಯಿಯ ಜೊತೆ ಗದ್ವಾಲದಲ್ಲಿದ್ದಳು. ಅವಳ ಖರ್ಚಿಗೆಂದು ಕೋರ್ಟು ಹೇಳಿದಂತೆ ತಿಂಗಳಿಗೆ ಮೂರು ಸಾವಿರ ಕಳಿಸುತ್ತಿದ್ದೆ. ಅಷ್ಟರಲ್ಲಿ ಸುಜಾತಾ ನೀರಾವರಿ ಇಲಾಖೆಯ ನೌಕರರೊಬ್ಬರನ್ನು ಮದುವೆಯಾದ ಸುದ್ದಿ ಬಂತು. ಸರ್ಕಾರಿ ಪಗಾರ! ಇನ್ನು ನನ್ನ ಹಣವೇಕೆ? ನಿಲ್ಲಿಸಲು ಅಪ್ಪಣೆ ಬೇಡಿ ನಾನೇ ಅರ್ಜಿ ಬರೆದೆ. ವಕೀಲರ ಗೊಡವೆಗೇ ಹೋಗಲಿಲ್ಲ.

ನಾನೂ ಮರುಮದುವೆಯಾದವನೇ. ಈಗಿನ ಹೆಂಡತಿ ಗಿರಿಜಾ ಮಕ್ತಲ್ ಆಸ್ಪತ್ರೆಯಲ್ಲಿ ನರ್ಸ್. ಅರ್ಜಿ ಓದಿ ಕೇಳಿದಳು: "ಅಲ್ರೀ, ಆಕಿ ಗಂಡನ ಪಗಾರ ಲೆಕ್ಕಕ್ಕ ಬಂದ್ರ, ನನ್ನ ಪಗಾರ ಬರಂಗಿಲ್ಲೇನು?"

"ನಿನಗ ಕಾನೂನು ತಿಳಿಯಂಗಿಲ್ಲ, ಸುಮ್ನಿರು," ಎಂದೆ.

ಗದ್ವಾಲ ಕೋರ್ಟಿನಲ್ಲಿ ಜಡ್ಜ್ ಸಾಹೇಬರು ತೆಲುಗಿನಲ್ಲಿ, ಬಹಳ ಮೆತ್ತಗೆ ಕೇಳಿದರು: "ಮಗು ನಿಮ್ಮದೇ ತಾನೆ?"

"ನನ್ನದೇ ಸರ್."

"ತಾಯಿ ಮದುವೆಯಾದರೆ ತಂದೆ ಬದಲಾಗುತ್ತಾನೆಯೇ?"

"ಇಲ್ಲ ಸರ್. ಆದರೆ ಅವಳ ಈಗಿನ ಗಂಡನಿಗೆ ಪಗಾರ ಇದೆ."

"ನಿಮ್ಮ ಮನೆಯವರಿಗೆ?"

"ಅದು ಅವಳದು ಸರ್!" ಎಂದು ಕೂಗಿಯೇಬಿಟ್ಟೆ.

"ಹಾಗೆಯೇ, ಅದು ಅವರದು."

ಇಷ್ಟಕ್ಕೇ ಮುಗಿದಿದ್ದರೆ ಬದುಕುತ್ತಿದ್ದೆ. ನನ್ನ ಅರ್ಜಿ ನೋಡಿ ಸುಜಾತಾ ತಾನೂ ಒಂದು ಹಾಕಿದ್ದಳು, ಖರ್ಚಿನ ಹಣ ಹೆಚ್ಚಿಸಬೇಕೆಂದು. ನಾನು "ಸಣ್ಣ ಅಂಗಡಿ, ಬಡವ" ಎಂದು ಬರೆದುಕೊಂಡಿದ್ದೆ. ಅವಳ ವಕೀಲರು ಒಂದು ಫೋಟೋ ಎತ್ತಿ ತೋರಿಸಿದರು. ನನ್ನದೇ ಫ್ಲೆಕ್ಸ್! ನಾರಾಯಣಪೇಟೆ ಜಿಲ್ಲೆಯಾದಾಗ ವ್ಯಾಪಾರ ಏರಿ, ಎರಡನೇ ಅಂಗಡಿ ತೆರೆದು ಕಟ್ಟಿಸಿದ್ದು. ಅದರಲ್ಲಿ ನಾನು ಕೈಮುಗಿದು ನಗುತ್ತಿದ್ದೆ. ಕಟಕಟೆಯಲ್ಲಿ ಬರೀ ಕೈಮುಗಿದಿದ್ದೆ.

ನನ್ನ ಅರ್ಜಿ ವಜಾ. ಮೂರು ಸಾವಿರ ಐದಾಯಿತು.

ಹೊರಗೆ ಬಿಸಿಲಿನಲ್ಲಿ ನಿಂತಿದ್ದಾಗ ಬೈಕೊಂದು ಪಕ್ಕಕ್ಕೆ ಬಂತು. ಸುಜಾತಾಳ ಗಂಡ. "ಬರ್ರಿ, ಬಸ್ ಸ್ಟ್ಯಾಂಡಿಗೆ ಬಿಡ್ತೀನಿ." ಹತ್ತಿ ಕುಳಿತೆ. ಅಲ್ಲಿ ಚಹಾ ಹೇಳಿದರು. ಮರ್ಯಾದೆ ಉಳಿಸಿಕೊಳ್ಳಲು ಕೇಳಿದೆ: "ಪಲ್ಲವಿ ಹೆಂಗ ಓದ್ತಾಳ್ರೀ?" ಅವಳನ್ನು ನೋಡಿ ಎಷ್ಟು ತಿಂಗಳಾಯಿತೆಂದು ಆಗಷ್ಟೇ ಹೊಳೆಯಿತು.

"ಭಾಳ ಶಾಣ್ಯಾಕಿ ಅದಾಳ್ರೀ. ಲೆಕ್ಕ ಒಂದೇ ತಪ್ಪತೈತಿ." ಅವರು ಸ್ವಲ್ಪ ಅನುಮಾನಿಸಿದರು. "ಅದು ತಂದಿ ಕಡಿಂದ ಬಂದೈತಿ ಅಂತಾಳ್ರೀ, ಸುಜಾತಾ."

ನಾನು ತಲೆತಗ್ಗಿಸಿ ಚಹಾ ಕುಡಿದೆ. ದುಡ್ಡು ಅವರೇ ಕೊಟ್ಟರು. ಅವರ ಪಗಾರದಿಂದ!