ಮೇಸ್ತ್ರಿಗೆ ಚುಚ್ಚಿದ ಹೆರಿಗೆ ಸೂಜಿ

ತಾಯಿಹಂದಿ ಒಂದು ಮರಿ ಹಾಕಿ, ಉಳಿದದ್ದು ನೀವೇ ನೋಡಿಕೊಳ್ಳಿ ಎಂಬಂತೆ ಮಲಗಿಬಿಟ್ಟಿತು. ಹಂದಿ ಸಾಕಣೆಯ ಮೇಸ್ತ್ರಿಗೆ ಅವತ್ತು ಅದಕ್ಕಿಂತ ದೊಡ್ಡ ಕೆಲಸವಿತ್ತು. ಎರಡು ದಿನಕ್ಕೆಂದು ಬಂದು ತಿಂಗಳುಗಟ್ಟಲೆ ಝಾಂಡಾ ಊರಿದ್ದ ಬಾಮೈದನನ್ನು ಬಸ್ಸು ಹತ್ತಿಸಬೇಕು. ಹೆಂಡತಿಯೂ ಅಂತೂ ಹೂಂ ಅಂದಿದ್ದಳು. ಇನ್ನು ಮೇಲೆ ಮೇಸ್ತ್ರಿ ನೆಲ ಬಿಟ್ಟು ಮಂಚದ ಮೇಲೆ ಮಲಗಬಹುದಿತ್ತು.

ದನದ ಡಾಕ್ಟರು ಫೋನಿನಲ್ಲಿ, "ಕೈ ಹಾಕಿ ನೋಡಿದ್ಯಾ? ದಾರೀಲಿ ಮರಿ ಸಿಕ್ಕಿಕೊಂಡಿಲ್ಲ ತಾನೆ? ಹಾಗಾದ್ರೆ ನೋವು ಬರೋ ಇಂಜೆಕ್ಷನ್ ಕೊಡು. ನಾನೂ ಹೊರಟೆ," ಎಂದರು.

ಮೇಸ್ತ್ರಿ ಅವಸರದಲ್ಲಿ ಸಿರಿಂಜು ತುಂಬಿಕೊಂಡು ಬಗ್ಗಿದ. ಹಂದಿ ಒದೆಯಿತು. ಸೂಜಿ ಅವನ ತೊಡೆಗೇ ಇಳಿಯಿತು.

"ಅಯ್ಯೋ, ಪೂರ್ತಿ ಹೋಯ್ತಲ್ಲೋ!" ಮೇವು ಹಾಕುವವನು ಬಾಯಿ ಮೇಲೆ ಕೈಯಿಟ್ಟ. "ಇನ್ನು ನಿನಗೇ ನೋವು ಬರತ್ತೆ."

"ಬಾಯಿ ಮುಚ್ಚೋ, ಕತ್ತೆ."

"ನೋವು ಬರದಿದ್ರೂ ಮಮತೆ ಬರತ್ತೆ. ಈ ಮದ್ದಿಂದಾನೇ ತಾಯಿಗೆ ಮರಿ ಮೇಲೆ ಪ್ರೀತಿ ಉಕ್ಕೋದಂತೆ."

ಮೇಸ್ತ್ರಿ ಒಣಹುಲ್ಲಿನ ಮೇಲೆ ಕುಸಿದ. ತಗಡಿನ ಸಂದಿಯಿಂದ ಬಿಸಿಲು ಹಾಲಿನಂತೆ ಇಳಿಯುತ್ತಿತ್ತು. ಅದರಲ್ಲಿ ಹೊಟ್ಟಿನ ಧೂಳು ಮೆಲ್ಲಗೆ ಈಜುತ್ತಿತ್ತು. ನೆಲ ತೊಟ್ಟಿಲಿನಂತೆ ತೂಗಿತು. ಹಂದಿಯ ಗುರುಗುಟ್ಟುವಿಕೆ ಎಲ್ಲೋ ದೂರದ ಜೋಗುಳವಾಯಿತು. ಮೂಲೆಯ ಬಕೆಟ್ಟಿನ ಮೇಲೂ ಅವನಿಗೆ ಮಮತೆ ಬಂತು. ಆ ಬೆಳಕಿನೊಳಗೆ, ಚೀಲ ಹೊತ್ತ ಬಾಮೈದ ತೇಲಿಬಂದ.

"ಹೋಗಿ ಬರ್ತೀನಿ ಭಾವ."

ಮೇಸ್ತ್ರಿಯ ಕಣ್ಣು ತುಂಬಿತು. ಎಂಥ ಮುದ್ದು ಕಿವಿಗಳು!

"ಎಲ್ಲಿಗೋ ಹೋಗ್ತೀಯ, ಕಂದ? ನಾನಿರೋವರೆಗೂ ನೀನಿಲ್ಲೇ. ಮಂಚ ನಿಂದೇ!"

"ರೀ! ತಲೆ ಕೆಟ್ಟಿದೆಯಾ?" ಹಿಂದೆಯೇ ಬಂದ ಹೆಂಡತಿ ದಂಗಾದಳು.

"ಅವನು ಹೇಳ್ತಿಲ್ಲಮ್ಮ, ಮದ್ದು ಹೇಳ್ತಿದೆ," ಎಂದ ಮೇವಿನವನು ನಡೆದದ್ದನ್ನೆಲ್ಲ ವಿವರಿಸಿದ.

ಬಾಮೈದನ ಮುಖ ಬಾಡಿತು. "ಮದ್ದಿನ ಮಾತಾ ಭಾವ?"

ಮೇಸ್ತ್ರಿಗೆ ಮಂಚ ನೆನಪಾಯಿತು, ಮಂಪರು ಹಾರಿಹೋಯಿತು. "ಹೂಂ ಕಣೋ, ಮದ್ದೇ! ಬಸ್ಸು ತಪ್ಪತ್ತೆ, ಹೊರಡು!"

ಬಾಮೈದ ಬಾಗಿಲು ದಾಟುವಾಗ ಡಾಕ್ಟರು ಒಳಗೆ ಬಂದರು. ಅಷ್ಟರಲ್ಲಿ ಹಂದಿ ತಾನಾಗಿಯೇ ಮತ್ತೆರಡು ಮರಿ ಹಾಕಿತ್ತು. ಡಾಕ್ಟರು ಸಂಗತಿ ಕೇಳಿ, ಔಷಧಿ ಪೆಟ್ಟಿಗೆ ತಡಕಿ, ಬಿದ್ದು ಬಿದ್ದು ನಕ್ಕರು.

"ಮದ್ದಿನ ಸೀಸೆ ತೆರೆದೇ ಇಲ್ಲವಲ್ಲೋ! ನೀನು ಚುಚ್ಚಿಕೊಂಡಿರೋದು ಪುಡಿ ಔಷಧಿ ಕಲಸೋ ನೀರು!"

ಬಾಗಿಲಲ್ಲೇ ನಿಂತು ಕೇಳುತ್ತಿದ್ದ ಬಾಮೈದನ ಚೀಲ ದೊಪ್ಪನೆ ನೆಲಕ್ಕೆ ಬಿತ್ತು. ಓಡಿಬಂದು ಭಾವನನ್ನು ತಬ್ಬಿಕೊಂಡ. "ಹಾಗಾದ್ರೆ ಅದು ನಿಮ್ಮದೇ ಮಾತು!"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ತವರಿನವರ ಮೇಲೆ ಇಷ್ಟೊಂದು ಪ್ರೀತಿ ಇಟ್ಕೊಂಡು ಬಾಯಿಬಿಡದೆ ಇದ್ರಲ್ಲ ರೀ! ತಡೀರಿ, ಅಮ್ಮನನ್ನೂ ಇಲ್ಲಿಗೇ ಕರೆಸಿಬಿಡ್ತೀನಿ."