ಡಾಕ್ಟರ್ ಗಾಡಿಯ ಚರ್ಮರೋಗ

ಮದುವೆಗೆ ಕಾರು ಕೊಡುವವರಲ್ಲಿ ನನ್ನದೊಂದು ಕಳಕಳಿಯ ವಿನಂತಿ: ಕೊಡಬೇಡಿ. ದುಡ್ಡು ಬೇಕಾದರೆ ಕೊಡಿ, ರಕ್ತ ಬೇಕಾದರೆ ಕೊಡಿ. ಹೆಂಡತಿಯ ತಮ್ಮನ ಮಗನ ಮದುವೆ ಎಂದು ಕರಗಿ ನನ್ನ ಬಿಳಿ ಫಿಯೆಟ್ ಕೊಟ್ಟ ನಾನು ಇವತ್ತು ಯಾವ ಸ್ಥಿತಿಗೆ ಬಂದಿದ್ದೇನೆಂದು ಓದಿಯಾದರೂ ಬುದ್ಧಿ ಕಲಿಯಿರಿ.

ಅದು ಅಂತಿಂಥ ಫಿಯೆಟ್ ಅಲ್ಲ. ಡಾಕ್ಟರ್ ಗಾಡಿ! "ಒಬ್ರೇ ಓನರ್ ಸಾರ್, ದೊಡ್ಡ ಡಾಕ್ಟ್ರು. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಅಷ್ಟೇ ಓಡಿರೋದು" ಎಂದು ಹಲಸೂರಿನ ಬ್ರೋಕರ್ ರಾಮಯ್ಯ ಎದೆ ಮುಟ್ಟಿಕೊಂಡು ಹೇಳಿದ್ದ. ಮುಂದಿನ ಎಡ ಮಡ್‌ಗಾರ್ಡಿನ ಮೇಲೊಂದು ತೂತಿತ್ತು. ಡಾಕ್ಟರು ಕೆಂಪು ಪ್ಲಸ್ ಗುರುತಿನ ಬಾವುಟ ಸಿಕ್ಕಿಸುತ್ತಿದ್ದ ಜಾಗವಂತೆ ಅದು. ಆ ಪವಿತ್ರ ರಂಧ್ರವನ್ನು ನಾನು ಬಂದವರಿಗೆಲ್ಲ ತೋರಿಸುತ್ತಿದ್ದೆ, ಅದರಲ್ಲೂ ನನ್ನ ಷಡ್ಡಕ ಮಲ್ಲಪ್ಪನಿಗೆ. ಅವನು ಹೊಸ ಮಾರುತಿ ತಂದ ದಿನ, "ಹೊಸದನ್ನ ಯಾರು ಬೇಕಾದ್ರೂ ತಗೋಬಹುದಪ್ಪ, ಡಾಕ್ಟರ್ ಕೈಲಿದ್ದ ಗಾಡಿ ಸಿಗ್ಬೇಕಲ್ಲ" ಎಂದಿದ್ದೆ. (ಅವನ ಮುಖ ಸಣ್ಣಗಾದದ್ದನ್ನು ನೆನೆದು ವಾರವಿಡೀ ಎರಡು ತುತ್ತು ಹೆಚ್ಚಿಗೆ ಉಂಡೆ.)

ಮದುವೆ ಮುಗಿಸಿಕೊಂಡು ಗಾಡಿ ಮನೆಗೆ ಬಂತು. ಡಿಕ್ಕಿಯ ಮೇಲೆ ಗೇಣುದ್ದದ ಕೆಂಪು ಅಕ್ಷರಗಳಲ್ಲಿ 'ಕೇದಾರ್ ವೆಡ್ಸ್ ಗೌತಮಿ'. ಟಾಪಿನ ಮೇಲೆ ಬಾಣ ಚುಚ್ಚಿದ ದೊಡ್ಡ ಹೃದಯ. ಕೇದಾರನ ಗೆಳೆಯರು ನೊರೆ ಸ್ಪ್ರೇ ಎಂದುಕೊಂಡು ಶಿವಾಜಿನಗರದಿಂದ ತಂದದ್ದು ಅಪ್ಪಟ ಪೇಂಟ್ ಸ್ಪ್ರೇ! "ಒರೆಸಿದ್ರೆ ಹೋಗತ್ತೆ ಅಂಕಲ್" ಎಂದು ಹೇಳಿ ಅವರು ಮಾತ್ರ ಹೋದರು.

ಮರುದಿನ ಸಂಗಮ್ಮನನ್ನು (ನನ್ನ ಧರ್ಮಪತ್ನಿ ಮತ್ತು ಸರ್ವೋಚ್ಚ ನ್ಯಾಯಾಲಯ) ಕೂರಿಸಿಕೊಂಡು ರಸೆಲ್ ಮಾರುಕಟ್ಟೆಗೆ ಹೋದೆ. ಹೂ ಮಾರುವ ಶಂಶುನ್ನೀಸಾ ಡಿಕ್ಕಿ ಓದಿದಳು, ಡೈ ಹಚ್ಚಿದ ನನ್ನ ತಲೆ ನೋಡಿದಳು, ಒಂದು ಮೊಳ ಮಲ್ಲಿಗೆ ಪುಕ್ಕಟೆ ಕೊಟ್ಟಳು.

"ಮುಬಾರಕ್ ಸಾಬ್! ಲೇಟಾದ್ರೂ ಪರ್ವಾಗಿಲ್ಲ, ಆಯ್ತಲ್ಲ. ಈ ಅಮ್ಮ ಯಾರು, ಹುಡುಗಿ ತಾಯೀನಾ?"

ಸಂಗಮ್ಮ ಮಲ್ಲಿಗೆಯನ್ನು ನನ್ನ ತೊಡೆಯ ಮೇಲೆ ಎಸೆದು, ಕಾರಿನಿಂದ ಇಳಿದು, ಆಟೋ ಹತ್ತಿ ಹೊರಟೇಬಿಟ್ಟಳು. ನಾನು ಮನೆ ತಲುಪುವಷ್ಟರಲ್ಲಿ ತೀರ್ಪು ಸಿದ್ಧವಾಗಿತ್ತು.

"ಭಾನುವಾರ ಕೆ.ಆರ್. ಪುರದಲ್ಲಿ ನನ್ ಕೊನೇ ತಂಗಿ ಮನೆ ಗೃಹಪ್ರವೇಶ. ಅಷ್ಟ್ರೊಳಗೆ ಆ ಗೌತಮೀನ ನಿಮ್ ಡಿಕ್ಕಿಯಿಂದ ಇಳ್ಸಿ. ಇಲ್ದಿದ್ರೆ ಮಲ್ಲಪ್ಪನೋರಿಗೆ ಫೋನ್ ಮಾಡಿ ಮಾರುತಿ ಕಳ್ಸಿ ಅಂತೀನಿ."

ಮಲ್ಲಪ್ಪನ ಮಾರುತಿಯಲ್ಲಿ ನನ್ನ ಹೆಂಡತಿ! ಕೂಡಲೇ ಎದೆಯುಬ್ಬಿಸಿದೆ.

"ಇಷ್ಟೇನಾ? ವಿಮಾನದ ಬಣ್ಣಾನೇ ತೆಗೆಯೋ ಕಾರ್ಖಾನೆ ಕಣೆ ನಮ್ದು!"

"ನೀವಿರೋದು ಅದ್ರ ಕ್ಯಾಂಟೀನಲ್ಲಿ. ತೊಳೆಸೋದು ಸಾಂಬಾರ್ ತಟ್ಟೆ."

ಸೀಮೆಎಣ್ಣೆಯಿಂದ ಉಜ್ಜಿದೆ. ಹಿತ್ತಾಳೆ ಬಿಂದಿಗೆಗೆ ತಿಕ್ಕುವ ಹಾಗೆ ಹುಣಸೆಹಣ್ಣಿನಿಂದ ತಿಕ್ಕಿದೆ. ಪಕ್ಕದ ಮನೆಯ ಅಮೃತಮ್ಮನವರು ಕಾಂಪೌಂಡಿನ ಮೇಲಿಂದ ಸಲಹೆ ಕೊಟ್ಟರೆಂದು ಟೂತ್‌ಪೇಸ್ಟನ್ನೂ ಹಚ್ಚಿದೆ. ಕಾರಿನ ಬಾಯಿವಾಸನೆ ಹೋಗಿರಬಹುದು, ಬರಹ ಜಪ್ಪಯ್ಯ ಎನ್ನಲಿಲ್ಲ.

ಶನಿವಾರ ಬ್ರಹ್ಮಾಸ್ತ್ರ ತಂದೆ: ಒಂದು ಕ್ಯಾನ್ ಥಿನ್ನರ್. ಬಟ್ಟೆಗೆ ಸುರಿದು ಉಜ್ಜಿದರೆ, ಆಹಾ, ಗೌತಮಿ ಕರಗಿದಳು!

"ಅಯ್ಯೋ, ಹುಡುಗಿ ಹೆಸರು ಅಳಿಸ್ಬಿಟ್ರಾ? ಬಿಟ್ಟು ಹೋದ್ಲಾ? ಮದ್ವೆಯಾಗಿ ವಾರಾನೂ ಆಗಿಲ್ವಲ್ರೀ!" ಎಂದು ಅಮೃತಮ್ಮನವರು ಆಗಲೇ ಕಣ್ಣೊರೆಸಿಕೊಳ್ಳತೊಡಗಿದ್ದರು. ಅವರ ಬಾಯಿ ಮುಚ್ಚಿಸಲು ಕೇದಾರನನ್ನೂ ಅಳಿಸಿದೆ. ಅದೇ ಹುಮ್ಮಸ್ಸಿನಲ್ಲಿ ಸ್ಟೂಲ್ ಹತ್ತಿ ಹೃದಯಕ್ಕೂ ಕೈ ಹಾಕಿದೆ. ಕೆಂಪು ಹೋಯಿತು. ಕೆಂಪಿನ ಜೊತೆಗೆ ಕೆಳಗಿನ ಬಿಳಿಯೂ ಹಾಲಿನ ಕೆನೆಯಂತೆ ಎದ್ದು ಬಂತು.

ಸಂಗಮ್ಮ ಕಾಫಿ ಹಿಡಿದು ಹೊರಗೆ ಬಂದವಳು ಅಲ್ಲೇ ನಿಂತಳು.

"ರೀ, ಡಿಕ್ಕಿ ಯಾಕೆ ಕಪ್ಪಾಗಿದೆ?"

"ಪ್ರೈಮರ್ ಇರ್ಬೇಕು ಕಣೆ."

"ಟಾಪ್ ಯಾಕೆ ಹಳದಿ?"

"ಅದೂ ಪ್ರೈಮರ್ರೇ... ಬೇರೆ ಪ್ರೈಮರ್ರು."

"ಕೆಳಗೆ ಕಪ್ಪು, ಮೇಲೆ ಹಳದಿ, ಗಾಡಿ ಫಿಯೆಟ್ಟು. ಹಿಂದಿ ಪಿಚ್ಚರಲ್ಲಿ ಹೀರೋಯಿನ್ನು ಬೊಂಬಾಯಿಲಿ ರೈಲಿಳಿದು ಕೈ ಅಡ್ಡ ಹಾಕ್ತಾಳಲ್ಲ, ಅದ್ಯಾವ ಗಾಡಿ ರೀ?" ಅವಳ ದೃಷ್ಟಿ ನಿಧಾನವಾಗಿ ಎಡ ಮಡ್‌ಗಾರ್ಡಿನತ್ತ ಸರಿಯಿತು. "ಅದು ಡಾಕ್ಟ್ರ ಬಾವುಟದ ತೂತಲ್ಲ ಕಣ್ರೀ. ಮೀಟರ್‌ದು!"

ನನ್ನ ಡಾಕ್ಟರ್ ಗಾಡಿ ಬೊಂಬಾಯಿಯ ಟ್ಯಾಕ್ಸಿ! ಸಂಗಮ್ಮ ಗೋಡೆ ಹಿಡಿದುಕೊಂಡು ನಗುತ್ತಿದ್ದಳು. "ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ! ಓಡಿರತ್ತೆ ಬಿಡಿ, ಪೇಷೆಂಟ್‌ಗಳನ್ನ ಹಾಕ್ಕೊಂಡು!"

"ಸಂಗಮ್ಮ, ನಿನ್ನ ದಮ್ಮಯ್ಯ ಅಂತೀನಿ, ಮಲ್ಲಪ್ಪನ ಮುಂದೆ ಮಾತ್ರ ಬಾಯಿ ಬಿಡ್ಬೇಡ."

"ನೋಡೋಣ" ಎಂದು ಒಳಗೆ ಹೋದಳು.

ಬರಹವೇನೋ ಹೋಗಿತ್ತಲ್ಲ, ಕೊಟ್ಟ ಮಾತಿನಂತೆ ಭಾನುವಾರ ರೇಷ್ಮೆ ಸೀರೆಯುಟ್ಟು ನನ್ನ ಪಕ್ಕ ಕೂತಳು. ಕೆ.ಆರ್. ಪುರದಲ್ಲಿ ನಾವು ಇಳಿಯುವ ಮೊದಲೇ ಮಲ್ಲಪ್ಪ ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿದ್ದ.

"ಏನಣ್ಣ, ಡಿಕ್ಕಿಗೆ ಕಪ್ಪು ಬಳ್ದಿದೀರಿ?"

ಸಂಗಮ್ಮ ಸೆರಗು ಸರಿಪಡಿಸಿಕೊಂಡಳು. "ದೃಷ್ಟಿಬೊಟ್ಟು ಮಲ್ಲಪ್ಪನೋರೆ. ಡಾಕ್ಟರ್ ಗಾಡಿ ನೋಡಿ, ಎಲ್ರ ಕಣ್ಣೂ ಇದ್ರ ಮೇಲೇನೇ."

"ಟಾಪ್ ಮೇಲೆ ಹಳದಿ?"

"ಅರಿಶಿನ. ಶುಭಕಾರ್ಯಕ್ಕೆ ಬರ್ತಾ ಬರೀ ಕಪ್ಪು ಇಟ್ಕೊಂಡು ಬರೋಕಾಗತ್ತಾ?"

ಮಲ್ಲಪ್ಪನ ಮುಖ ಮತ್ತೆ ಸಣ್ಣಗಾಯಿತು. ನನಗೋ ಅಲ್ಲಿಯೇ ಹೆಂಡತಿಯ ಕಾಲಿಗೆ ಅಡ್ಡಬೀಳಬೇಕೆನಿಸಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು. ಹೋಳಿಗೆ ಊಟ ಮುಗಿಸಿ, ಮದುಮಗನ ಠೀವಿಯಿಂದ ಅವಳಿಗಾಗಿ ಮುಂದಿನ ಬಾಗಿಲು ತೆರೆದು ನಿಂತೆ.

ಅವಳು ಒಬ್ಬಳೇ ಬರಲಿಲ್ಲ. ಹಿಂದೆ ಅವಳ ಚಿಕ್ಕಮ್ಮ, ಅವರ ಹಿಂದೆ ತಂಗಿಯ ಅತ್ತೆ, ಮೂರು ಚೀಲ, ಒಂದು ಹೋಳಿಗೆ ಡಬ್ಬಿ.

"ಈ ಅತ್ತೆಯೋರನ್ನ ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಿಟ್ಟು, ಚಿಕ್ಕಮ್ಮನ್ನ ರಿಚರ್ಡ್ಸ್ ಟೌನಿಗೆ ಬಿಡ್ಬೇಕು. ನಾಳೆ ಬೆಳಿಗ್ಗೆ ಕೇದಾರ್‌ನೂ ಗೌತಮೀನೂ ಬೀಗರ ಮನೆ ಊಟಕ್ಕೆ ಕರ್ಕೊಂಡು ಹೋಗ್ಬೇಕು."

"ನಾಳೆ ನಂಗೆ ಡ್ಯೂಟಿ ಕಣೆ!"

"ಮಲ್ಲಪ್ಪನೋರೆ, ಒಂದ್ನಿಮ್ಷ ಬನ್ನಿ ಇಲ್ಲಿ. ಈ ತೂತಿನ ಕಥೆ ಏನ್ ಗೊತ್ತಾ..."

"ಹತ್ತೇ ತಾಯಿ, ಹತ್ತು! ಎಲ್ರೂ ಹತ್ಲಿ!"

ಚಿಕ್ಕಮ್ಮ ಮುಂದೆ ಕೂತರು. ಸಂಗಮ್ಮ ನಿಧಾನವಾಗಿ ಎಡ ಮಡ್‌ಗಾರ್ಡಿನ ಹತ್ತಿರ ನಡೆದಳು. ತೂತಿನ ಮೇಲೆ ಬೆರಳಿಟ್ಟು, ಆಟೋದವರು ಮೀಟರಿನ ಹಿಡಿ ತಿರುಗಿಸುವಂತೆ ಕೈಯನ್ನು ಗಿರಕ್ಕನೆ ತಿರುಗಿಸಿದಳು. ಆಮೇಲೆ ಹಿಂದಿನ ಸೀಟಿನಲ್ಲಿ ಒರಗಿ ಕೂತು, "ನಡೀಲಿ" ಎಂದಳು.

ನಾನು ಗಾಡಿ ಸ್ಟಾರ್ಟ್ ಮಾಡಿದೆ.